ಏಡಿಯ ಮೊಟ್ಟೆ: ನೀವು ಕೇಳಿದ್ದು, ಬಲ್ಲವರು ಹೇಳಿದ್ದು

ಕಳೆದ ಸಂಚಿಕೆಯಲ್ಲಿ ಏಡಿ ಕೊಬ್ಬಿಸುವ ಬಗ್ಗೆ ಬರೆದದ್ದೇ ತಡ, ಪತ್ರಗಳು ಬಂದವು. ಕೊಬ್ಬಿಸುವ ಬಗ್ಗೆ ಕೇಳಿದವರು ಕಡಿಮೆ, ಮೊಟ್ಟೆಯ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ. ಬೇರೆ ಹೆಸರು ಹೇಳದ ಕಡೆಯಲ್ಲೆಲ್ಲ ಮಾತು ಕೆಸರು ಏಡಿಯದ್ದು. ನಮ್ಮ ಅಳಿವೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಕಾಂಡ್ಲ (ಮ್ಯಾಂಗ್ರೋವ್) ಕಾಡುಗಳಲ್ಲಿ ಸಿಗುವ, ಜೀವಂತವಾಗಿ ಕಟ್ಟಿ ಮಾರುವ ದಪ್ಪ ಏಡಿ ಅದು.

ಏಡಿ ಬಿಡಿಸುವಾಗ ಚಿಪ್ಪಿನೊಳಗೆ ಹಳದಿ ಬಣ್ಣದ್ದೊಂದು ಸಿಗುತ್ತದೆ. ನಮ್ಮತ್ತೆ ಅದನ್ನು ಮೊಟ್ಟೆ ಎನ್ನುತ್ತಾರೆ, ಮೀನು ತರುವ ಅಕ್ಕ ಅಲ್ಲ ಎನ್ನುತ್ತಾರೆ. ಯಾರ ಮಾತು ಸರಿ?
*– ಗೃಹಿಣಿ, ಉಡುಪಿ*

ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿರಬಹುದು. ಚಿಪ್ಪಿನೊಳಗೆ ಹಳದಿಯಾಗಿ ಕಾಣುವುದು ಎರಡಿವೆ.

ಒಂದು, ಪಚನಗ್ರಂಥಿ. ನಮ್ಮಲ್ಲಿ ಯಕೃತ್ತು ಮಾಡುವ ಕೆಲಸವನ್ನೂ ಜೀರ್ಣರಸದ ಕೆಲಸವನ್ನೂ ಏಡಿಯಲ್ಲಿ ಇದೊಂದೇ ಮಾಡುತ್ತದೆ. ಬಣ್ಣ ಮಾಸಲು ಹಳದಿ ಅಥವಾ ಹಸಿರು ಬೆರೆತ ಕಂದು. ಬೆರಳು ತಾಗಿದರೆ ಗಂಜಿಯ ಹಾಗೆ ಕದಡುತ್ತದೆ, ಬೇಯಿಸಿದರೂ ಮೆತ್ತಗೇ ಇರುತ್ತದೆ. ಗಂಡು ಏಡಿಯಲ್ಲೂ ಇರುತ್ತದೆ, ಹೆಣ್ಣಿನಲ್ಲೂ ಇರುತ್ತದೆ.

ಇನ್ನೊಂದು, ಅಂಡಾಶಯ. ಇದು ಹೆಣ್ಣಿನಲ್ಲಿ ಮಾತ್ರ. ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಎರಡು ಪಕ್ಕಕ್ಕೂ ಚಾಚಿ, ಪಚನಗ್ರಂಥಿಯ ಮೇಲೇ ಹಾಸಿಕೊಂಡಿರುತ್ತದೆ. ಚೆನ್ನಾಗಿ ಬಲಿತಾಗ ಕಿತ್ತಳೆ ಬಣ್ಣ, ಮುಟ್ಟಿದರೆ ಗಟ್ಟಿ, ಕಣ್ಣಿಗೆ ಹತ್ತಿರ ಹಿಡಿದರೆ ಸಣ್ಣ ರವೆಯಂಥ ಕಾಳು ಕಾಣುತ್ತದೆ. ಬೇಯಿಸಿದರೆ ಕೆಂಪಗಾಗಿ, ಕೋಳಿಮೊಟ್ಟೆಯ ಬೆಂದ ಭಂಡಾರದ (ಹಳದಿ ಭಾಗದ) ಹಾಗೆ ಪುಡಿಪುಡಿಯಾಗುತ್ತದೆ. ಅತ್ತೆ ಹೇಳುವ ಮೊಟ್ಟೆ ಇದೇ, ಆದರೆ ಇದು ಇನ್ನೂ ಇಟ್ಟ ಮೊಟ್ಟೆಯಲ್ಲ. ಇಟ್ಟ ಮೊಟ್ಟೆ ಚಿಪ್ಪಿನ ಒಳಗಿರುವುದಿಲ್ಲ, ಹೊಟ್ಟೆಯ ಅಡಿಯಲ್ಲಿ ಹೊರಗೆ ಗೊಂಚಲಾಗಿ ಅಂಟಿಕೊಂಡಿರುತ್ತದೆ.

ತಿನ್ನುವವರಿಗೊಂದು ಮಾತು: ಕ್ಯಾಡ್ಮಿಯಂನಂಥ ಲೋಹಗಳು ಸೇರಿಕೊಳ್ಳುವುದು ಪಚನಗ್ರಂಥಿಯಲ್ಲಿ. ಬಂದರು, ಕಾರ್ಖಾನೆ ನೀರಿನ ಹತ್ತಿರ ಹಿಡಿದ ಏಡಿಯಾದರೆ ಅದನ್ನು ತೆಗೆದುಹಾಕುವುದೇ ಲೇಸು.

ನಾವು ಸಂಘದಿಂದ ನೀರೇಡಿ (ಚಿಪ್ಪು ಬದಲಿಸಿ ಇನ್ನೂ ಮಾಂಸ ತುಂಬದ ಏಡಿ) ತಂದು ಕೊಬ್ಬಿಸುತ್ತೇವೆ. ಮೊಟ್ಟೆ ತುಂಬಿದ ಹೆಣ್ಣಿಗೆ ವ್ಯಾಪಾರಿ ಹೆಚ್ಚು ಬೆಲೆ ಕೊಡುತ್ತಾನೆ. ಏಡಿಯನ್ನು ಒಡೆಯದೆ ಒಳಗೆ ತುಂಬಿದೆಯೋ ಇಲ್ಲವೋ ತಿಳಿಯುವುದು ಹೇಗೆ?
*– ಸ್ವಸಹಾಯ ಸಂಘದ ಸದಸ್ಯೆಯರು, ಕುಮಟಾ ತಾಲೂಕು*

ಮೊದಲು ಏಡಿಯನ್ನು ಅಂಗಾತ ಹಿಡಿದು, ಅಡಿಯಲ್ಲಿ ಮಡಚಿಕೊಂಡಿರುವ ಹೊಟ್ಟೆಪಟ್ಟಿ ನೋಡಿ. ಗಂಡಿನದು ಕಿರಿದು, ತುದಿ ಚೂಪು. ಎಳೆಯ ಹೆಣ್ಣಿನದು ತ್ರಿಕೋನ, ಬಿಳಿ ಬಣ್ಣ, ಅಂಚಿನಲ್ಲಿ ಕೂದಲಿಲ್ಲ. ಪ್ರಾಯಕ್ಕೆ ಬಂದ ಹೆಣ್ಣಿನದು ಅರ್ಧಚಂದ್ರದಂತೆ ಅಗಲ, ಬಣ್ಣ ಕಪ್ಪಾಗಿ ಕಂದು, ಅಂಚಿನ ತುಂಬ ಕೂದಲು. ತ್ರಿಕೋನ ಪಟ್ಟಿಯ ಹೆಣ್ಣನ್ನು ಎಷ್ಟು ತಿನ್ನಿಸಿದರೂ ಮೊಟ್ಟೆ ತುಂಬದು. ಅದು ಇನ್ನೊಮ್ಮೆ ಪೊರೆ (ಹಳೆಯ ಚಿಪ್ಪು) ಕಳಚಬೇಕು, ಗಂಡಿನ ಜೊತೆ ಕೂಡಬೇಕು. ಕೊಬ್ಬಿಸಲು ಕೊಳ್ಳುವಾಗಲೇ ಇವನ್ನು ಬೇರೆ ತೆಗೆದಿಟ್ಟರೆ ಮೂರು ವಾರದ ಮೇವು ಉಳಿಯುತ್ತದೆ.

ಉಳಿದ ಅಗಲ ಪಟ್ಟಿಯವನ್ನು ಹೀಗೆ ನೋಡಿ. ಕೊಂಬು (ಇಕ್ಕುಳದಂಥ ಮುಂಗಾಲು) ಕಟ್ಟಿರಲಿ. ಬೆನ್ನಿನ ಚಿಪ್ಪು ಹಿಂಬದಿಯಲ್ಲಿ ಮುಗಿದು ಹೊಟ್ಟೆಪಟ್ಟಿ ಶುರುವಾಗುವ ಸಂದಿಯಿದೆ. ಪಟ್ಟಿಯ ಮೊದಲ ಗೆಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿದರೆ ಅಲ್ಲಿ ತೆಳು ಪೊರೆ ಕಾಣುತ್ತದೆ. ಪೊರೆಯ ಹಿಂದೆ ಏನೂ ಕಾಣದೆ ಬಿಳುಚಿದ್ದರೆ ಅಂಡಾಶಯ ಇನ್ನೂ ಎಳಸು. ತಿಳಿ ಹಳದಿಯಾದರೆ ಅರ್ಧ ದಾರಿ. ದಟ್ಟ ಕಿತ್ತಳೆ ಬಣ್ಣ ಪೊರೆಗೆ ಒತ್ತಿಕೊಂಡು ನಿಂತಿದ್ದರೆ ತುಂಬಿದೆ. ಇನ್ನೊಂದು ಉಪಾಯವಿದೆ: ಕತ್ತಲ ಕೋಣೆಯಲ್ಲಿ ಏಡಿಯ ಹಿಂದೆ ಟಾರ್ಚ್ ಹಿಡಿದು ಚಿಪ್ಪಿನ ಪಕ್ಕದ ಅಂಚು ನೋಡುವುದು. ತುಂಬದ ಏಡಿಯಲ್ಲಿ ಅಂಚಿನಗುಂಟ ಬೆಳಕು ತೂರಿ ಬರುತ್ತದೆ, ತುಂಬಿದ್ದರಲ್ಲಿ ನೆರಳು ಬೀಳುತ್ತದೆ. ಮೊದಲ ಹತ್ತಿಪ್ಪತ್ತು ಏಡಿಗಳನ್ನು ಎರಡೂ ಬಗೆಯಲ್ಲಿ ನೋಡಿ, ಅಡುಗೆಗೆ ಹೋಗುವವನ್ನು ಒಡೆದು ತಾಳೆ ಹಾಕಿಕೊಳ್ಳಿ. ಆಮೇಲೆ ಕೈ ಕೂರುತ್ತದೆ.

ಬರೀ ತೂಕ ನಂಬಬೇಡಿ. ಪೊರೆ ಬಿಟ್ಟ ಹೊಸದರಲ್ಲಿ ಏಡಿ ನೀರು ಕುಡಿದು ಉಬ್ಬಿರುತ್ತದೆ, ತಕ್ಕಡಿಗೆ ಅದೂ ತೂಕವೇ.

ಆರು ತಿಂಗಳಿಂದ ನಮ್ಮ ತೊಟ್ಟಿಯಲ್ಲಿ ಹೆಣ್ಣೇಡಿ ಒಂದೇ ಇದೆ, ಗಂಡನ್ನು ಬಿಟ್ಟೇ ಇಲ್ಲ. ಆದರೂ ಮೊಟ್ಟೆ ಇಟ್ಟಿದೆ. ಇದು ಹೇಗೆ? ಮರಿ ಆಗುವುದುಂಟೇ?
*– ಸಿಗಡಿ ಕೃಷಿಕರು, ಕುಂದಾಪುರ*

ಆಗುವುದುಂಟು. ಏಡಿಯಲ್ಲಿ ಕೂಡುವ ಕಾಲ ಬೇರೆ, ಮೊಟ್ಟೆ ಇಡುವ ಕಾಲ ಬೇರೆ. ಎರಡರ ನಡುವೆ ತಿಂಗಳುಗಳೇ ಕಳೆಯಬಹುದು.

ಹೆಣ್ಣು ಪ್ರಾಯಕ್ಕೆ ಬರುವ ಪೊರೆ ಕಳಚುವ ಮೊದಲೇ ಗಂಡು ಅದನ್ನು ವಾಸನೆಯಿಂದ ಗುರುತಿಸುತ್ತದೆ. ಹೆಣ್ಣಿನ ಮೂತ್ರದಲ್ಲಿ ಆ ಸುಳಿವು ಇರುತ್ತದೆ. ಗಂಡು ಅದನ್ನು ತನ್ನ ಹೊಟ್ಟೆಯಡಿಗೆ ಅವುಚಿಕೊಂಡು ಮೂರು ನಾಲ್ಕು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹೊತ್ತು ತಿರುಗುತ್ತದೆ. ಹೆಣ್ಣು ಪೊರೆ ಕಳಚಿ ಮೈ ಮೆತ್ತಗಾದಾಗ ಅದನ್ನು ಅಂಗಾತ ಮಾಡಿ ಕೂಡುತ್ತದೆ, ಗಂಟೆಗಟ್ಟಲೆ. ಆಮೇಲೂ ಚಿಪ್ಪು ಗಟ್ಟಿಯಾಗುವ ತನಕ ಕಾವಲಿರುತ್ತದೆ. ಮೆತ್ತಗಿನ ಏಡಿಯನ್ನು ಬೇರೆ ಏಡಿಗಳು ತಿಂದುಹಾಕುತ್ತವೆ, ಅದಕ್ಕೆ. ಬಲೆಯಲ್ಲಿ ಜೋಡಿಯಾಗಿ ಸಿಗುವ ಏಡಿಗಳು ಬಹುಪಾಲು ಈ ಹಂತದವು.

ಗಂಡು ಬಿಟ್ಟ ವೀರ್ಯ ಸಣ್ಣ ಪೊಟ್ಟಣಗಳ ರೂಪದಲ್ಲಿ ಹೆಣ್ಣಿನೊಳಗಿನ ಎರಡು ಚೀಲಗಳನ್ನು ಸೇರಿ ಅಲ್ಲೇ ಜೀವಂತವಾಗಿ ಉಳಿಯುತ್ತದೆ. ಅಂಡಾಶಯದಿಂದ ಮೊಟ್ಟೆ ಹೊರಬರುವ ದಾರಿ ಆ ಚೀಲದ ಮೂಲಕವೇ ಹೋಗುತ್ತದೆ, ಫಲ ಕಟ್ಟುವುದು ಅಲ್ಲಿ. ಒಮ್ಮೆ ಕೂಡಿದ ಹೆಣ್ಣು ಮತ್ತೆ ಗಂಡನ್ನು ಕಾಣದೆಯೂ ಎರಡು ಮೂರು ಸಲ ಮೊಟ್ಟೆ ಇಡಬಲ್ಲದು. ಹಾಗಾಗಿಯೇ ಮರಿ ಉತ್ಪಾದನಾ ಕೇಂದ್ರಗಳು ಗಂಡು ಏಡಿಯನ್ನು ಸಾಕುವ ಗೋಜಿಗೆ ಹೋಗುವುದಿಲ್ಲ, ಪ್ರಾಯದ ಹೆಣ್ಣನ್ನಷ್ಟೇ ತರುತ್ತವೆ.

ನಿಮ್ಮ ಏಡಿ ಬಂದಾಗಲೇ ಅಗಲ ಪಟ್ಟಿಯದಾಗಿದ್ದರೆ ಅದು ಕೂಡಿಯೇ ಬಂದಿರುವ ಸಂಭವ ಹೆಚ್ಚು. ತ್ರಿಕೋನ ಪಟ್ಟಿಯದ್ದು ನಿಮ್ಮ ತೊಟ್ಟಿಯಲ್ಲೇ ಪೊರೆ ಕಳಚಿ ಪ್ರಾಯಕ್ಕೆ ಬಂದಿದ್ದರೆ ಮಾತ್ರ ಮೊಟ್ಟೆ ಗೊಡ್ಡು, ಕೆಲವು ದಿನದಲ್ಲಿ ಉದುರಿ ಹೋಗುತ್ತದೆ.

ಸಿಮೆಂಟ್ ತೊಟ್ಟಿಯಲ್ಲಿ ಮೂರು ದೊಡ್ಡ ಹೆಣ್ಣೇಡಿ ಸಾಕಿದೆ. ಒಂದು ರಾತ್ರಿ ಮೊಟ್ಟೆ ಇಟ್ಟಿತು, ಬೆಳಗ್ಗೆ ಮುಕ್ಕಾಲು ಪಾಲು ನೆಲದಲ್ಲಿ ಚೆಲ್ಲಿತ್ತು. ಇನ್ನೊಂದರದು ಐದನೇ ದಿನ ಉದುರಿತು. ಎಲ್ಲಿ ತಪ್ಪಿದೆ?
*– ಓದುಗರು, ಅಂಕೋಲಾ*

ಎರಡರ ಕಾರಣವೂ ಬೇರೆ. ಉದುರಿದ ಹೊತ್ತು ನೋಡಿದರೆ ಕಾರಣ ತಿಳಿಯುತ್ತದೆ.

ಮೊದಲನೆಯದು ಮರಳಿಲ್ಲದ ದೋಷ. ಮೊಟ್ಟೆ ಇಡುವಾಗ ಏಡಿ ಏನು ಮಾಡುತ್ತದೆ ಎಂಬುದನ್ನು ನೋಡಿ. ಮರಳಿನಲ್ಲಿ ಮೈ ಹುದುಗಿಸಿ ಕೆಳಗೊಂದು ಗುಳಿ ಮಾಡಿಕೊಳ್ಳುತ್ತದೆ. ಹೊಟ್ಟೆಪಟ್ಟಿಯನ್ನು ಬಿಚ್ಚಿ ಆ ಗುಳಿಗೆ ಬಟ್ಟಲಿನಂತೆ ಹೊಂದಿಸುತ್ತದೆ. ಎದೆಯ ತಗಡಿನ ಮೇಲಿನ ಎರಡು ರಂಧ್ರಗಳಿಂದ ಮೊಟ್ಟೆ ಆ ಬಟ್ಟಲಿಗೆ ಇಳಿಯುತ್ತದೆ. ಪಟ್ಟಿಯ ಒಳಗೆ ನಾಲ್ಕು ಜೊತೆ ಪುಟ್ಟ ಕಾಲುಗಳಿವೆ, ಪ್ರತಿಯೊಂದೂ ಎರಡು ಗರಿಯಾಗಿ ಒಡೆದಿದೆ. ಒಳಗರಿಯ ನೀಳ ಕೂದಲಿಗೆ ಮೊಟ್ಟೆ ಅಂಟಬೇಕು. ಮೊಟ್ಟೆಯ ಹೊರಪೊರೆ ಜಿಗುಟು, ಕೂದಲನ್ನು ಸುತ್ತಿಕೊಂಡು ದಾರದಂಥ ತೊಟ್ಟು ಮಾಡಿಕೊಂಡು ನಿಲ್ಲುತ್ತದೆ. ಆ ಅಂಟು ಬಿಗಿಯಾಗುವವರೆಗೆ ಮೊಟ್ಟೆ ಬಟ್ಟಲಿನಲ್ಲಿ ಅಲುಗದೆ ಕೂರಬೇಕು. ಬರಿಯ ಸಿಮೆಂಟಿನ ಮೇಲೆ ಗುಳಿ ಎಲ್ಲಿಂದ ಬರಬೇಕು? ಮೊಟ್ಟೆ ಪಟ್ಟಿಯ ಅಂಚಿನಿಂದ ಜಾರಿ ನೀರಿನ ಸೆಳವಿಗೆ ಹೋಗುತ್ತದೆ. ಫಲ ಕಟ್ಟಿದ ಒಳ್ಳೆಯ ಮೊಟ್ಟೆಯೂ ಹೀಗೇ ಹಾಳಾಗುತ್ತದೆ. ನಾವು ಕಂಡ ನಷ್ಟಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ ಬಗೆಯದು, ತಪ್ಪಿಸುವುದಕ್ಕೆ ಖರ್ಚಾಗುವುದು ನಾಲ್ಕು ಬುಟ್ಟಿ ಮರಳು.

ತೊಟ್ಟಿಯ ನೆಲದ ಮೂರನೇ ಒಂದು ಭಾಗಕ್ಕಾದರೂ 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ತೊಳೆದ ಮರಳು ಹಾಸಿ. ಜೇಡಿಯಿರುವ ಮರಳು ಬೇಡ, ಮೊಟ್ಟೆಗೆ ಕೆಸರು ಮೆತ್ತಿಕೊಳ್ಳುತ್ತದೆ. ಒಂದು ಚದರ ಮೀಟರಿಗೆ ಒಂದೇ ಏಡಿ ಇರಲಿ. ಗಾಳಿ ಕಲ್ಲು ಮರಳಿನ ಮೇಲೆ ನೇರ ಗುಳ್ಳೆ ಬಿಡದಂತೆ ದೂರ ಇಡಿ. ತೊಟ್ಟಿಗೆ ಕಪ್ಪು ಬಟ್ಟೆ ಮುಚ್ಚಿ ಮಬ್ಬು ಮಾಡಿ. ಮೇವು ಸಂಜೆ ಕೊಡಿ: ಮೀನು, ಬೊಂಡಾಸ್ (ಸ್ಕ್ವಿಡ್), ನೀಲಿಕಲ್ಲು, ಮಳಿಯಂಥ ಚಿಪ್ಪುಮೀನು, ಸಿಗಡಿ ಬದಲಿಸಿ ಬದಲಿಸಿ, ಒಟ್ಟು ದೇಹತೂಕದ ಹತ್ತನೇ ಒಂದು ಭಾಗದಷ್ಟು. ಬರೀ ಮೀನು ತಿಂದ ಹೆಣ್ಣಿನ ಮೊಟ್ಟೆ ಕಡಿಮೆ, ಮರಿಗೆ ಕಸುವೂ ಕಡಿಮೆ. ಬೆಳಗ್ಗೆ ಉಳಿಕೆಯನ್ನು ತೆಗೆದು ನೀರು ಬದಲಿಸಿ.

ಐದನೇ ದಿನ ಉದುರಿದ್ದು ಬೇರೆ ಕಥೆ. ಅದಕ್ಕೆ ಮೂರು ಕಾರಣ ಇರಬಹುದು. ಉದುರಿದ ಮೊಟ್ಟೆ ಇಟ್ಟ ದಿನದ ಬಣ್ಣದಲ್ಲೇ ಇದ್ದು, ಒಳಗೆ ಬೆಳವಣಿಗೆ ಕಾಣದಿದ್ದರೆ ಗೊಡ್ಡು. ಗೊಂಚಲಿನ ಒಂದು ಭಾಗ ಮಾತ್ರ ಬಿಳಿಚಿ ಹತ್ತಿಯಂತೆ ಎಳೆ ಬಂದಿದ್ದರೆ ಬೂಷ್ಟು. ಎರಡೂ ಅಲ್ಲ, ಒಮ್ಮೆಗೇ ಎಲ್ಲ ಉದುರಿದ್ದರೆ ನೀರಿನ ಉಪ್ಪು ನೋಡಿ. ನಿಮ್ಮ ಪತ್ರದಲ್ಲಿ ‘ನೀರು ಇಳಿದಾಗ ಬಾವಿ ನೀರು ತುಂಬಿಸುತ್ತೇನೆ’ ಎಂದಿದ್ದೀರಿ. ಅನುಮಾನ ಅಲ್ಲೇ. ಮೊಟ್ಟೆ ಹೊತ್ತ ಏಡಿಗೆ ಉಪ್ಪಿನಂಶ 30ರಿಂದ 34 ಪಿಪಿಟಿ ಬೇಕು, ಅಂದರೆ ಲೀಟರಿಗೆ 30ರಿಂದ 34 ಗ್ರಾಂ. ಉಷ್ಣತೆ 28ರಿಂದ 30 ಡಿಗ್ರಿ. ಆವಿಯಾದಷ್ಟೇ ಸಿಹಿನೀರು ತುಂಬಿಸಿದರೆ ತಪ್ಪಿಲ್ಲ. ಆದರೆ ಕಸ ಹೀರಿ ತೆಗೆದಾಗ ಹೋದ ಉಪ್ಪುನೀರಿಗೂ ಸಿಹಿನೀರನ್ನೇ ತುಂಬುತ್ತ ಬಂದರೆ ವಾರದಲ್ಲಿ ಉಪ್ಪು ಇಳಿದಿರುತ್ತದೆ. ಲೆಕ್ಕ ಸುಲಭ: 1000 ಲೀಟರ್ ತೊಟ್ಟಿಯಲ್ಲಿ 24 ಇದ್ದದ್ದನ್ನು 32ಕ್ಕೆ ಏರಿಸಲು ಸುಮಾರು 8 ಕಿಲೋ ಉಪ್ಪು ಬೇಕು. ಆದರೆ ಅಡುಗೆ ಉಪ್ಪು ಸುರಿಯಬೇಡಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಅಳಿವೆಯಿಂದ ದೂರದ ಸಮುದ್ರದ ನೀರು ತಂದು ಸೋಸಿ, ಕ್ಲೋರಿನ್ ಹಾಕಿ, ಆಮೇಲೆ ಆ ಕ್ಲೋರಿನ್ ಬಿಡಿಸಿ, ಬದಲಿಸುವುದೇ ಸರಿ. ಉಪ್ಪಿನಂಶ ಅಳೆಯಲು ಒಂದು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ.

ಬೂಷ್ಟಿನ ಬಗ್ಗೆ: ಏಡಿ ತಂದ ದಿನವೇ 100ರಿಂದ 150 ಪಿಪಿಎಂ ಫಾರ್ಮಲಿನ್ ನೀರಿನಲ್ಲಿ, ಜೋರಾಗಿ ಗಾಳಿ ಬಿಟ್ಟು, ಅರ್ಧ ಗಂಟೆ ಇಟ್ಟು ತೊಳೆದರೆ ಚಿಪ್ಪಿನ ಮೇಲಿನ ಹುಳುಹುಪ್ಪಟೆ ಹೋಗುತ್ತದೆ. 100 ಲೀಟರಿಗೆ 10ರಿಂದ 15 ಮಿಲಿಲೀಟರ್. ಕೈಗವಸು ತೊಡಿ, ಬಾಗಿಲು ಕಿಟಕಿ ತೆರೆದಿರಲಿ. ಮೊಟ್ಟೆ ಅಂಟಿ ನಿಂತ ಮೇಲೆ ಹೆಣ್ಣನ್ನು ಮರಳಿಲ್ಲದ 300ರಿಂದ 500 ಲೀಟರಿನ ಬೇರೆ ತೊಟ್ಟಿಗೆ ಒಂಟಿಯಾಗಿ ಹಾಕಿ. ಈಗ ಮರಳು ಬೇಡ, ಅದರಲ್ಲಿ ಕೊಳೆ ನಿಲ್ಲುತ್ತದೆ. ಕೆಲವರು ಇಲ್ಲೇ ಎಡವುತ್ತಾರೆ: ಇಡುವ ತನಕ ಮರಳಿಲ್ಲ, ಇಟ್ಟ ಮೇಲೆ ಮರಳು!

ಏಡಿ ತಾನೇ ಕೊಂಬಿನಿಂದ ಮೊಟ್ಟೆ ಕೆರೆದು ತಿನ್ನುವುದನ್ನು ಕಂಡು ‘ತಾಯಿಯೇ ತಿಂದಿತು’ ಎಂದು ಬರೆದವರೂ ಇದ್ದಾರೆ. ಬಹಳ ಸಲ ಅದು ಸತ್ತ ಮೊಟ್ಟೆಯನ್ನು ಆರಿಸಿ ತೆಗೆಯುವ ಕೆಲಸ. ಪೂರ್ತಿ ಗೊಂಚಲನ್ನೇ ಕೀಳುತ್ತಿದ್ದರೆ ಮೊಟ್ಟೆ ಆಗಲೇ ಕೆಟ್ಟಿದೆ, ಇಲ್ಲವೇ ಏಡಿಗೆ ಪದೇ ಪದೇ ಕೈ ಹಾಕಿ ಕಾಡಿದ್ದೀರಿ.

ಬೇಗ ಮೊಟ್ಟೆ ಬರಲಿ ಎಂದು ಏಡಿಯ ಕಣ್ಣು ಕತ್ತರಿಸುತ್ತಾರಂತೆ. ಕಣ್ಣಿಗೂ ಮೊಟ್ಟೆಗೂ ಏನು ಸಂಬಂಧ?
*– ಪದವಿ ವಿದ್ಯಾರ್ಥಿನಿ, ಧಾರವಾಡ*

ಏಡಿಯ ಕಣ್ಣು ಕಡ್ಡಿಯಂಥ ಕಾಂಡದ ತುದಿಯಲ್ಲಿದೆ. ಆ ಕಾಂಡದೊಳಗೆ ಒಂದು ಗ್ರಂಥಿಯಿದೆ, ಅದು ಒಸರುವ ಹಾರ್ಮೋನುಗಳಲ್ಲಿ ಒಂದು ಅಂಡಾಶಯ ಬೆಳೆಯದಂತೆ ತಡೆಹಿಡಿಯುತ್ತದೆ, ಇನ್ನೊಂದು ಪೊರೆ ಕಳಚದಂತೆ ತಡೆಯುತ್ತದೆ. ಕಾಲ ಕೂಡಿ ಬಂದಾಗ ತಡೆ ತಾನಾಗಿ ಸಡಿಲುತ್ತದೆ. ಆಗ ಭಂಡಾರಕ್ಕೆ ಬೇಕಾದ ಪ್ರೋಟೀನು ಪಚನಗ್ರಂಥಿಯಲ್ಲಿ ತಯಾರಾಗಿ ರಕ್ತದ ಮೂಲಕ ಅಂಡಾಶಯಕ್ಕೆ ಬರುತ್ತದೆ, ಬಣ್ಣ ಬಿಳಿಯಿಂದ ಹಳದಿಗೆ, ಕಿತ್ತಳೆಗೆ ತಿರುಗುತ್ತದೆ. ಒಂದು ಕಾಂಡವನ್ನು ತೆಗೆದರೆ ತಡೆ ಅರ್ಧವಾಗಿ ಅದೇ ಕೆಲಸ ಬೇಗ ನಡೆಯುತ್ತದೆ.

ಮಾಡುವ ಕ್ರಮ: ಏಡಿಯನ್ನು ತಂಪು ಸಮುದ್ರನೀರಿನಲ್ಲಿಟ್ಟು ಜೋಮು ಹಿಡಿಸಿ, ಕಾದ ಚಿಮಟದಿಂದ ಒಂದು ಕಾಂಡವನ್ನು ಬುಡದಲ್ಲಿ ಒತ್ತಿ ಸುಡುತ್ತಾರೆ. ಕತ್ತರಿಸಿದರೆ ರಕ್ತ ನಿಲ್ಲದು. ಎರಡೂ ತೆಗೆದರೆ ಏಡಿ ಉಳಿಯುವುದೇ ಕಷ್ಟ. ಕೂಡದ ಹೆಣ್ಣಿಗೆ, ಈಗಷ್ಟೇ ಪೊರೆ ಬಿಟ್ಟದ್ದಕ್ಕೆ ಇದನ್ನು ಮಾಡಬಾರದು.

ನಮ್ಮನ್ನು ಕೇಳಿದರೆ, ನಮ್ಮ ಕರಾವಳಿಯ ಬೆಚ್ಚನೆ ನೀರಿನಲ್ಲಿ ಇದರ ಅಗತ್ಯ ಕಡಿಮೆ. ಕಿತ್ತಳೆ ಬಣ್ಣ ತುಂಬಿದ ಹೆಣ್ಣನ್ನೇ ಆರಿಸಿ ತಂದು, ಮರಳು, ಉಪ್ಪು, ಮೇವು ಸರಿಯಾಗಿಟ್ಟರೆ ಕಣ್ಣಿಟ್ಟುಕೊಂಡೇ ಮೊಟ್ಟೆ ಇಡುತ್ತದೆ.

ಮೊಟ್ಟೆಯ ಗೊಂಚಲು ಒಮ್ಮೆ ಹಳದಿ, ಒಮ್ಮೆ ಕಂದು, ಒಮ್ಮೆ ಕಪ್ಪು. ಜಾತಿ ಬೇರೆಯೇ? ಮನೆಯಲ್ಲೇ ಮರಿ ಮಾಡಬಹುದೇ?
*– ಓದುಗರು, ಹೊನ್ನಾವರ*

ಜಾತಿ ಒಂದೇ, ದಿನ ಬೇರೆ. ಹೊಸ ಮೊಟ್ಟೆ ಹಳದಿ-ಕಿತ್ತಳೆ, ಅದು ಭಂಡಾರದ ಬಣ್ಣ. ಒಳಗಿನ ಜೀವ ಭಂಡಾರ ತಿಂದು ಬೆಳೆದಂತೆ ಕಣ್ಣಿನ ಕಪ್ಪು ಚುಕ್ಕೆ ಮೂಡಿ ಗೊಂಚಲು ಕಂದಾಗುತ್ತದೆ. ಕೊನೆಗೆ ಬೂದು-ಕಪ್ಪು. ಆಗ ಒಂದೆರಡು ಮೊಟ್ಟೆ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಹೃದಯ ಪಟಪಟ ಬಡಿಯುವುದು ಕಾಣುತ್ತದೆ. 28-30 ಡಿಗ್ರಿಯಲ್ಲಿ ಇಟ್ಟ ದಿನದಿಂದ ಒಡೆಯುವವರೆಗೆ 9ರಿಂದ 12 ದಿನ. ನೀರು ತಂಪಾದರೆ ಇನ್ನೂ ತಡ. ಸಾಮಾನ್ಯವಾಗಿ ಬೆಳಗಿನ ಹೊತ್ತು, ತಾಯಿ ಪಟ್ಟಿಯನ್ನು ಬೀಸಿ ಬೀಸಿ ಮರಿಗಳನ್ನು ನೀರಿಗೆ ಬಿಡುತ್ತದೆ.

ಹೊರಬರುವುದು ಏಡಿಯ ಆಕಾರದ್ದಲ್ಲ. ಬೆನ್ನಿಗೂ ಹಣೆಗೂ ಮುಳ್ಳಿರುವ, ಬಾಲವಿರುವ, ಬೆಳಕಿನತ್ತ ಈಜುವ ಝೋಯಿಯಾ. ಕೆಸರು ಏಡಿಯಲ್ಲಿ ಅದು ಐದು ಹಂತ ದಾಟಬೇಕು, ಎರಡೂವರೆ ವಾರ. ಆಮೇಲೆ ಕೊಂಬು ಬಂದ ಮೆಗಲೋಪ, ಒಂದು ವಾರ. ಆಮೇಲೆ ಮರಿ ಏಡಿ. ಮೊದಲಿಗೆ ರೋಟಿಫರ್, ನಂತರ ಆರ್ಟೀಮಿಯ ಎಂಬ ಸಣ್ಣ ನೀರಜೀವಿಗಳ ಮೇವು, ಎರಡನ್ನೂ ನೀವೇ ಬೆಳೆಸಬೇಕು. ಆರ್ಟೀಮಿಯ ಅತಿಯಾದರೆ ಐದನೇ ಹಂತದ ಝೋಯಿಯಾದ ಕೊಂಬು ವಿಪರೀತ ಬೆಳೆದು ಹಳೆಯ ಪೊರೆಯಿಂದ ಹೊರಬರಲಾಗದೆ ಸಾಯುತ್ತದೆ. ಮೆಗಲೋಪ ಆದ ಮೇಲೆ ಒಂದನ್ನೊಂದು ತಿನ್ನುತ್ತವೆ. ನೂರು ಝೋಯಿಯಾದಲ್ಲಿ ಹತ್ತು ಮರಿ ದಕ್ಕಿದರೆ ಅದು ಒಳ್ಳೆಯ ಬ್ಯಾಚು. ಇದು ಮನೆಯ ಕೆಲಸವಲ್ಲ. ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರವು ತಮಿಳುನಾಡಿನ ಸೀರ್ಕಾಳಿ ಹತ್ತಿರದ ತೊಡುವಾಯಿಯಲ್ಲಿ ಕೆಸರು ಏಡಿ ಮರಿ ಕೇಂದ್ರ ನಡೆಸುತ್ತ ಬಂದಿದೆ. ಸಾಕುವ ಉದ್ದೇಶವಿದ್ದರೆ ಇಂಥ ಕಡೆಯಿಂದ ಮರಿ ತರಿಸುವುದು ಅಗ್ಗ.

ಏಡಿಯ ಮೊಟ್ಟೆ ಎಣಿಸುವುದು ಹೇಗೆ? ಪ್ರಾಜೆಕ್ಟಿಗೆ ಬೇಕು.
*– ವಿದ್ಯಾರ್ಥಿ, ಮಂಗಳೂರು*

ಒಂದೊಂದಾಗಿ ಯಾರೂ ಎಣಿಸುವುದಿಲ್ಲ, ತೂಕದ ಲೆಕ್ಕ. ಮೊಟ್ಟೆ ಹೊತ್ತ ಕೆಸರು ಏಡಿ ಸುಲಭಕ್ಕೆ ಸಿಗದು, ನೀಲಿ ಏಡಿ ಅಥವಾ ಮೂರುಚುಕ್ಕೆ ಏಡಿ ಆರಿಸಿಕೊಳ್ಳಿ. ಮೊಟ್ಟೆ ಹಳದಿ-ಕಿತ್ತಳೆ ಇರುವಾಗಲೇ ತನ್ನಿ. ಕಪ್ಪಾದ ಗೊಂಚಲಿನಿಂದ ಆಗಲೇ ಒಂದಿಷ್ಟು ಉದುರಿರುತ್ತದೆ, ಮೊಟ್ಟೆ ನೀರು ಹೀರಿ ದಪ್ಪವೂ ಆಗಿರುತ್ತದೆ, ಲೆಕ್ಕ ತಪ್ಪುತ್ತದೆ.

ಏಡಿಯ ಚಿಪ್ಪಿನ ಅಗಲ, ತೂಕ ಬರೆದುಕೊಳ್ಳಿ. ಹೊಟ್ಟೆಪಟ್ಟಿಯೊಳಗಿನ ಗರಿಗಾಲುಗಳನ್ನು ಬುಡದಲ್ಲಿ ಕತ್ತರಿಸಿ ಗೊಂಚಲನ್ನು ಹೊರತೆಗೆಯಿರಿ, ಒತ್ತುಕಾಗದದ ಮೇಲಿಟ್ಟು ನೀರು ಹೀರಿಸಿ. ಮೊಟ್ಟೆಯನ್ನು ಕೂದಲಿನಿಂದ ಬಿಡಿಸಿ ತೂಗಿ. ಈಗ ಗೊಂಚಲಿನ ಹೊರಭಾಗ, ನಡು, ಒಳಭಾಗದಿಂದ ತಲಾ 0.01 ಗ್ರಾಂ ತೆಗೆದು, ಗೆರೆ ಎಳೆದ ಗಾಜಿನ ತಟ್ಟೆಯಲ್ಲಿ ನೀರಿನೊಂದಿಗೆ ಹರಡಿ ಎಣಿಸಿ. ಉದಾಹರಣೆಗೆ 642, 671, 655 ಬಂತೆನ್ನಿ. ಸರಾಸರಿ 656. ಗ್ರಾಮಿಗೆ 65,600. ಒಟ್ಟು ಮೊಟ್ಟೆ 12 ಗ್ರಾಂ ಇದ್ದರೆ 7,87,200. ಮೂರು ಎಣಿಕೆಗಳ ನಡುವೆ ತುಂಬ ಅಂತರ ಬಂದರೆ ಮೊಟ್ಟೆ ಸರಿಯಾಗಿ ಬಿಡಿಸಿಲ್ಲ, ಇಲ್ಲವೇ ನೀರು ಉಳಿದಿದೆ ಎಂದರ್ಥ. ನಿಮ್ಮ ತಕ್ಕಡಿ 0.01 ಗ್ರಾಮನ್ನು ನಂಬಿಕೆಯಿಂದ ತೋರಿಸದಿದ್ದರೆ ಸಂಖ್ಯೆಗೆ ಬೆಲೆಯಿಲ್ಲ, 0.001 ತೋರುವ ತಕ್ಕಡಿ ಹುಡುಕಿ.

ಹೋಲಿಕೆಗೆ: ದೊಡ್ಡ ಜಾತಿಯ ಕೆಸರು ಏಡಿ ಒಂದು ಸಲಕ್ಕೆ 10 ಲಕ್ಷದಿಂದ 60 ಲಕ್ಷದವರೆಗೆ ಮೊಟ್ಟೆ ಇಡುತ್ತದೆ, ಒಂದೊಂದು ಮೊಟ್ಟೆಯ ಅಡ್ಡಳತೆ ಸುಮಾರು 0.3 ಮಿಲಿಮೀಟರ್. ಏಡಿ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು, ಗ್ರಾಫಿನಲ್ಲಿ ಅದನ್ನು ತೋರಿಸಬೇಕಾದರೆ ಬೇರೆ ಬೇರೆ ಅಳತೆಯ ಏಡಿಗಳು ಬೇಕಾಗುತ್ತವೆ.

ಹುಣ್ಣಿಮೆಗೆ ಏಡಿ ಟೊಳ್ಳು, ಅಮಾವಾಸ್ಯೆಗೆ ತುಂಬು ಎನ್ನುತ್ತಾರೆ. ನಿಜವೇ?
*– ಓದುಗರು, ಬೆಂಗಳೂರು*

ಟೊಳ್ಳಾಗುವುದು ಪೊರೆ ಬಿಟ್ಟಾಗ. ಒಂದೇ ದಿನ ಒಂದೇ ಬುಟ್ಟಿಯಲ್ಲಿ ಟೊಳ್ಳೂ ತುಂಬೂ ಎರಡೂ ಇರುತ್ತವೆ. ಪಂಚಾಂಗ ಬಿಟ್ಟು, ಹೊಟ್ಟೆಯ ಕಡೆ ಕಾಲುಬುಡದ ಹತ್ತಿರದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಬಾಗಿದರೆ ಬಿಡಿ, ಬಾಗದಿದ್ದರೆ ಕೊಳ್ಳಿ.

ಮೂರುಚುಕ್ಕೆ ಏಡಿಯ ಹೊಟ್ಟೆಯಡಿ ಮೊಟ್ಟೆಯಂಥ ಗಡ್ಡೆ ಇತ್ತು. ಪಟ್ಟಿ ನೋಡಿದರೆ ಪೂರ್ತಿ ಹೆಣ್ಣೂ ಅಲ್ಲ, ಗಂಡೂ ಅಲ್ಲ.
*– ಮೀನುಗಾರರು, ಮಲ್ಪೆ*

ಅದು ಮೊಟ್ಟೆಯಲ್ಲ, ಸ್ಯಾಕುಲೈನ ಎಂಬ ಪರಾವಲಂಬಿ. ದೋಣಿಯಡಿ ಅಂಟುವ ಬಾರ್ನಕಲ್‌ನ ದಾಯಾದಿ. ಮರಿಯಾಗಿ ಏಡಿಯ ಮೈ ಹೊಕ್ಕು, ಬೇರಿನ ಹಾಗೆ ಒಳಗೆಲ್ಲ ಹರಡಿ, ಕೊನೆಗೆ ಹೊಟ್ಟೆಪಟ್ಟಿಯ ಕೆಳಗೆ ಚೀಲವಾಗಿ ಹೊರಬರುತ್ತದೆ. ಮೊಟ್ಟೆಗೊಂಚಲಿಗೆ ಕಾಳು ಇರುತ್ತದೆ, ಕೂದಲಿಗೆ ಅಂಟಿರುತ್ತದೆ. ಇದು ಒಂದೇ ನುಣುಪಾದ ಚೀಲ, ನಡುವಿನಲ್ಲಿ ಸಣ್ಣ ತೊಟ್ಟು, ಹಿಸುಕಿದರೆ ಮೆತ್ತೆಯಂತೆ. ತಗುಲಿದ ಹೆಣ್ಣು ಮೊಟ್ಟೆ ಇಡದು, ಆದರೂ ಆ ಚೀಲವನ್ನು ತನ್ನ ಮೊಟ್ಟೆಯೆಂದೇ ತೀಡಿ ತೊಳೆದು ಸಾಕುತ್ತದೆ. ಗಂಡಿಗೆ ತಗುಲಿದರೆ ಅದರ ಪಟ್ಟಿ ಹೆಣ್ಣಿನಂತೆ ಅಗಲವಾಗುತ್ತದೆ. ನೀವು ಕಂಡದ್ದು ಅದೇ. ಬೇಯಿಸಿ ತಿಂದರೆ ಅಪಾಯವಿಲ್ಲ, ಮಾಂಸ ಮಾತ್ರ ಕಡಿಮೆ. ಚೀಲವನ್ನು ನೀರಿಗೆ ಎಸೆಯದೆ ದಡದಲ್ಲಿ ಹೂಳಿ.

ನಮ್ಮ ಗದ್ದೆಯ ಏಡಿಯ ಹೊಟ್ಟೆಯಡಿ ಮೊಟ್ಟೆಯಲ್ಲ, ಪುಟ್ಟ ಪುಟ್ಟ ಏಡಿಗಳೇ ಇದ್ದವು. ಸಮುದ್ರ ಏಡಿಗೂ ಹೀಗೆಯೇ?
*– ಕೃಷಿಕರು, ತೀರ್ಥಹಳ್ಳಿ*

ಇಲ್ಲ, ಇದು ಸಿಹಿನೀರ ಏಡಿಯ ಹೆಚ್ಚುಗಾರಿಕೆ. ಹಳ್ಳದಲ್ಲಿ ಝೋಯಿಯಾ ಬಿಟ್ಟರೆ ಒಂದೇ ಮಳೆಗೆ ಕೊಚ್ಚಿಹೋಗುತ್ತದೆ. ಅದಕ್ಕೆ ಆ ಹಂತಗಳೆಲ್ಲ ಮೊಟ್ಟೆಯೊಳಗೇ ಮುಗಿಯುತ್ತವೆ, ಹೊರಬರುವುದು ಆಕಾರ ತಳೆದ ಏಡಿಮರಿ. ಅಷ್ಟು ಬೆಳೆಯಲು ಭಂಡಾರ ಹೆಚ್ಚು ಬೇಕು, ಮೊಟ್ಟೆ ಸಾಸಿವೆಗಿಂತ ದಪ್ಪ. ದಪ್ಪವಾದಾಗ ಸಂಖ್ಯೆ ಇಳಿಯುತ್ತದೆ: ಲಕ್ಷಗಳಲ್ಲ, ಹತ್ತಾರರಿಂದ ಕೆಲವು ನೂರು. ಮರಿಗಳು ಇನ್ನೂ ಕೆಲವು ದಿನ ತಾಯಿಯ ಪಟ್ಟಿಯೊಳಗೇ ಇದ್ದು ಆಮೇಲೆ ಇಳಿಯುತ್ತವೆ.

ಹೀಗಾಗಿ ಒಂದು ಹಳ್ಳದ ಏಡಿ ಇನ್ನೊಂದು ಹಳ್ಳಕ್ಕೆ ಸುಲಭವಾಗಿ ಹರಡುವುದಿಲ್ಲ, ಪಶ್ಚಿಮಘಟ್ಟದಲ್ಲಿ ಕಣಿವೆಗೊಂದು ಜಾತಿ ಸಿಗುವುದಕ್ಕೆ ಇದೂ ಒಂದು ಕಾರಣ. ಬಿಳಿ-ನೇರಳೆ ಎರಡು ಬಣ್ಣದ ಘಾಟಿಯಾನ ದ್ವಿವರ್ಣ ಉತ್ತರ ಕನ್ನಡದ ಯಲ್ಲಾಪುರದ ಕಡೆಯಿಂದ ಹೊಸ ಜಾತಿಯೆಂದು ದಾಖಲಾದದ್ದು 2022ರಲ್ಲಿ. ಮೊಟ್ಟೆ ಹೊತ್ತ ಗದ್ದೆ ಏಡಿ ಬದುವಿನ ಬಿಲದಲ್ಲಿರುತ್ತದೆ. ಬಿಲಕ್ಕೆ ಕೀಟನಾಶಕ ಸುರಿದರೆ ಆ ಬದುವಿನ ಮುಂದಿನ ಪೀಳಿಗೆಯೂ ಹೋಯಿತು. ತಿನ್ನುವುದಾದರೆ ಚೆನ್ನಾಗಿ ಬೇಯಿಸಿ. ಅರೆಬೆಂದ ಸಿಹಿನೀರ ಏಡಿಯಿಂದ ಶ್ವಾಸಕೋಶದ ಹುಳು ಬರುತ್ತದೆ, ಅದರ ಕೆಮ್ಮನ್ನು ಕ್ಷಯವೆಂದು ತಪ್ಪು ತಿಳಿಯುವುದುಂಟು.

ಅಳಿವೆಯಲ್ಲಿ ಮೊಟ್ಟೆ ಹೊತ್ತ ಕೆಸರು ಏಡಿ ಕಂಡೇ ಇಲ್ಲ, ಸಮುದ್ರದ ಬಲೆಯಲ್ಲಿ ಮಾತ್ರ ಸಿಗುತ್ತದೆ. ಸಿಕ್ಕರೆ ಅಳಿವೆಗೆ ತಂದು ಬಿಟ್ಟರೆ ಒಳ್ಳೆಯದೇ?
*– ಬಲೆಗಾರರು, ಗಂಗೊಳ್ಳಿ*

ತರಬೇಡಿ, ಅದು ಎಲ್ಲಿಂದ ಓಡಿ ಬಂತೋ ಅಲ್ಲಿಗೇ ಒಯ್ದು ಬಿಟ್ಟ ಹಾಗಾಗುತ್ತದೆ. ಕೂಡುವುದು ಅಳಿವೆಯಲ್ಲಿ, ಆದರೆ ಝೋಯಿಯಾ ಸಪ್ಪೆ ನೀರಿನಲ್ಲಿ ಬದುಕದು. ಅಂಡಾಶಯ ಬಲಿತಂತೆ ಹೆಣ್ಣು ಸಮುದ್ರಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಪಂಚಗಂಗಾವಳಿ ಹೊಳೆಯ ನೀರು ಬಾಯಿಗೆ ಹಾಕಿಕೊಂಡರೆ ಉಪ್ಪೇ ಇರುವುದಿಲ್ಲ, ಅಲ್ಲಿ ಮೊಟ್ಟೆ ಒಡೆದರೆ ಒಂದೂ ಉಳಿಯುವುದಿಲ್ಲ. ಮರಿಗಳು ಬೆಳೆದ ಮೇಲೆ ತಾವೇ ಉಬ್ಬರದೊಡನೆ ಒಳಬರುತ್ತವೆ.

ಸಿಕ್ಕ ಜಾಗದಲ್ಲೇ ಬಿಡಿ. ಬಲೆಯಿಂದ ಬಿಡಿಸುವಾಗ ಹೊಟ್ಟೆಪಟ್ಟಿಯನ್ನು ಎಳೆಯಬೇಡಿ, ಎಳೆ ಸಿಕ್ಕಿಕೊಂಡಿದ್ದರೆ ಬಲೆಯ ಕಣ್ಣೊಂದನ್ನು ಕತ್ತರಿಸಿ, ಆಮೇಲೆ ಹೊಲಿದುಕೊಳ್ಳಬಹುದು. ಹಿಂದಿನಿಂದ ಚಿಪ್ಪಿನ ಎರಡು ಬದಿ ಹಿಡಿಯಿರಿ. ತಕ್ಷಣ ಬಿಡಲಾಗದಿದ್ದರೆ ಸಮುದ್ರದ ನೀರಿನಲ್ಲಿ ನೆನೆಸಿದ ಗೋಣಿಚೀಲ ಮುಚ್ಚಿ ನೆರಳಲ್ಲಿಡಿ, ಮಂಜುಗಡ್ಡೆಯ ಮೇಲೆ ಬೇಡ. ಬಿಡುವಾಗ ಮೇಲಿಂದ ಎಸೆಯದೆ ನೀರಿಗೆ ತಾಗಿಸಿ ಜಾರಿಸಿ. ಮೊಟ್ಟೆಯನ್ನು ಬ್ರಷ್‌ನಿಂದ ಉಜ್ಜಿ ತೆಗೆದು ‘ಬರೀ ಹೆಣ್ಣೇಡಿ’ ಎಂದು ಮಾರುವವರೂ ಇದ್ದಾರೆ. ಕೊಳ್ಳುವವರು ಪಟ್ಟಿ ಎತ್ತಿ ನೋಡಿದರೆ ಮುರಿದ ಕೂದಲು, ಬುಡದಲ್ಲಿ ಉಳಿದ ನಾಲ್ಕಾರು ಕಾಳು ಕಾಣುತ್ತದೆ. ಗೊಂಚಲು ಕಪ್ಪಗಾಗಿದ್ದರೆ ಒಡೆಯಲು ಒಂದೆರಡು ದಿನವಷ್ಟೇ ಬಾಕಿ. ಅಂಥದ್ದನ್ನು ದಡದವರೆಗೂ ತರದೆ, ಬಲೆ ಎತ್ತಿದ ಹೊತ್ತಿಗೇ ನೀರಿಗಿಳಿಸಿ.